ಕುಡಿಯದೆ ತೂರಾಡಿದವನು

ಹೊಸ್ತಿಲಿನಿಂದ ಓಮ್ನಿಯ ಬಾಗಿಲಿಗೆ ಹನ್ನೊಂದು ಹೆಜ್ಜೆ. ಬೆಳಗಿನಿಂದ ಸುಬ್ರಾಯ ಕೂತಲ್ಲಿಂದಲೇ ಅದನ್ನು ಕಣ್ಣಿನಲ್ಲಿ ನಾಲ್ಕು ಸಲ ಅಳೆದಿದ್ದ. ಮೊದಲ ಸಲ ಒಂಬತ್ತು ಬಂದಿತ್ತು, ಆಮೇಲೆ ಹದಿನಾಲ್ಕು, ಕೊನೆಗೆ ಹನ್ನೊಂದಕ್ಕೆ ನಿಂತಿತು. ಶೃಂಗೇರಿಯಲ್ಲಿ ಯಾತ್ರಿಕರ ಲಾಡ್ಜುಗಳ ಬೆನ್ನಿಗೆ ಅಂಟಿಕೊಂಡ ಆ ಓಣಿಯೊಳಗೆ ಗಾಡಿಯನ್ನು ಎಷ್ಟು ತರಬಹುದೋ ಅಷ್ಟು ತಂದು, ಅವನ ಹಳೆಯ ಬಸ್ಸಿನ ಡ್ರೈವರ್ ಪರಮೇಶ್ವರ ನಿಲ್ಲಿಸಿದ್ದ. ಇನ್ನೊಂದು ಗೇಣು ಬಂದಿದ್ದರೆ ಕನ್ನಡಿ ಗೋಡೆಗೆ ಉಜ್ಜುತ್ತಿತ್ತು. ಹತ್ತೊಂಬತ್ತು ವರ್ಷ ಫುಟ್‌ಬೋರ್ಡಿನ ಮೇಲೆ ಒಂಟಿ ಕಾಲಲ್ಲಿ ನಿಂತು, ತಿರುವುಗಳಲ್ಲಿ ಮೈಯನ್ನು ಹೊರಗೆ ಚಾಚಿ, ಹರಿಹರಪುರ, ಕೊಪ್ಪ, ಎನ್.ಆರ್.ಪುರ ದಾಟಿಸಿ ಶಿವಮೊಗ್ಗಕ್ಕೆ ಜನರನ್ನು ಮುಟ್ಟಿಸುತ್ತಿದ್ದ ಕಂಡಕ್ಟರ್ ತಾನೇ ಎಂಬುದು ಅವನಿಗೆ ನೆನಪಿತ್ತು. ನೆನಪಿದ್ದುದರಿಂದಲೇ ಹನ್ನೊಂದು ಹೆಜ್ಜೆ ಇನ್ನಷ್ಟು ಉದ್ದವಾಗಿ ಕಾಣುತ್ತಿತ್ತು.

"ಹೋಗಾಣ?" ಎಂದಳು ಅನಿತಾ. ಅವಳ ಕೈಯಲ್ಲಿದ್ದ ಬಟ್ಟೆಯ ಚೀಲದಲ್ಲಿ ಆಧಾರ್ ಕಾರ್ಡು, ನೀರಿನ ಬಾಟಲಿ, ಅವನದೊಂದು ಅಂಗಿ. ಅಂಗಿ ಯಾಕೆಂದು ಅವನು ಕೇಳಲಿಲ್ಲ. ದಾರಿಯಲ್ಲಿ ವಾಂತಿ ಮಾಡಿಕೊಂಡರೆ ಬೇಕಾದೀತೆಂದು ಇಟ್ಟುಕೊಂಡದ್ದು. ಕುಡುಕನ ಹೆಂಡತಿಗೆ ಇರಬೇಕಾದ ಮುಂದಾಲೋಚನೆಗಳನ್ನೆಲ್ಲ ಅವಳು ಎರಡು ವರ್ಷದಲ್ಲಿ ಕಲಿತುಕೊಂಡಿದ್ದಳು. ತಿಂಗಳಿಗೊಂದು ಮಂಗಳವಾರ ಕೊಪ್ಪದ ಸರ್ಕಾರಿ ಆಸ್ಪತ್ರೆಗೆ ಕುಡಿತ ಬಿಡಿಸುವ ಡಾಕ್ಟರು ಬರುತ್ತಾರೆ ಎಂದು ಅವಳಿಗೆ ಹೇಳಿದ್ದು, ಅವಳು ಕೆಲಸ ಮಾಡುವ ಲಾಡ್ಜಿನಲ್ಲಿ ಚಾದರ ಒಗೆಯುವ ಹೆಂಗಸು. ಶೃಂಗೇರಿಯಲ್ಲೇ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಕೊಪ್ಪವಾದರೆ ಪರವಾಗಿಲ್ಲ ಎಂದು ಅನಿತಾ ಲೆಕ್ಕ ಹಾಕಿದ್ದಳು, ಊರಿಗೆ ಗೊತ್ತಾಗಿ ಎರಡು ವರ್ಷವಾಗಿದ್ದರೂ. ಸುಬ್ರಾಯ ಹುಟ್ಟಿದ ಮೇಲೆ ಒಂದು ತೊಟ್ಟು ಕುಡಿದವನಲ್ಲ. ಅದನ್ನು ಹೇಳಬೇಕಾದ ಹೊತ್ತು ಯಾವತ್ತೋ ದಾಟಿಹೋಗಿತ್ತು. ಈಗ ಹೇಳಿದರೆ ಕುಡಿತಕ್ಕಿಂತ ದೊಡ್ಡ ಅಪರಾಧವನ್ನು ಒಪ್ಪಿಕೊಂಡ ಹಾಗಾಗುತ್ತಿತ್ತು.

ಎರಡು ವರ್ಷದ ಹಿಂದೆ, ಇದೆಲ್ಲ ಶುರುವಾದ ದಿನ ಸೋಮವಾರ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುವುದು, ಅವನು ಇಳಿದು ಬಾಗಿಲಿನ ಸರಳು ಹಿಡಿದು ಕೂಗುವುದು ಹತ್ತೊಂಬತ್ತು ವರ್ಷದ ಪದ್ಧತಿ. ಎನ್.ಆರ್.ಪುರ, ಎನ್.ಆರ್.ಪುರ ಎಂದು ಎರಡು ಸಲ ಕೂಗಿದ್ದ. ಮೂರನೆಯದು ಬಾಯಿಂದ ಬರಲಿಲ್ಲ. ಎದೆ ಒಮ್ಮೆ ಜಾರಿ ಬಿದ್ದು, ಎದ್ದು, ಓಡತೊಡಗಿತು. ಏನೂ ಆಗಿರಲಿಲ್ಲ, ಒಬ್ಬ ಮುದುಕಿ ಚೀಲ ಮೇಲೆತ್ತಿ ಕೊಡಪ್ಪ ಎನ್ನುತ್ತಿದ್ದಳು, ಅಷ್ಟೇ. ಆದರೆ ಸಿಮೆಂಟಿನ ಆ ಅಂಗಳ ನಾಲ್ಕೂ ಕಡೆಗೆ ಸರಿಯತೊಡಗಿತ್ತು, ಮೇಲೆ ಆಕಾಶವನ್ನು ಯಾರೋ ಮುಚ್ಚಳ ತೆಗೆದಂತೆ ತೆಗೆದಿದ್ದರು, ಮುದುಕಿಯ ಬಾಯಿ ಅಲ್ಲಾಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಸಾಯುತ್ತಿದ್ದೇನೆ ಎಂದು ಅವನಿಗೆ ಖಚಿತವಾಯಿತು, ಅದೂ ಇಷ್ಟು ಜನರ ಮುಂದೆ. ಟಿಕೆಟಿನ ಯಂತ್ರವನ್ನು ಡ್ರೈವರ್ ಸೀಟಿನ ಮೇಲೆ ಹಾಕಿ, ಗೋಡೆ ಸಿಕ್ಕುವವರೆಗೆ ನಡೆದ. ಗೋಡೆ ಹಿಡಿದು, ಕಂಬ ಹಿಡಿದು, ಮತ್ತೆ ಗೋಡೆ ಹಿಡಿದು ಹೋಗುತ್ತಿದ್ದವನನ್ನು ನೋಡಿ ಯಾರೋ ಅಂದರು: "ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕಂಡಿದಾನೆ ನೋಡು." ಯಾರೋ ನಕ್ಕರು. ಆ ಮಾತು ಎಂಥ ಆಸರೆಯಾಯಿತೆಂದು ಸುಬ್ರಾಯ ಆಮೇಲೆ ಎಷ್ಟೋ ಸಲ ಯೋಚಿಸಿದ್ದಾನೆ. ಮೈಗೆ ಬಂದ ಈ ಹೆಸರಿಲ್ಲದ್ದಕ್ಕೆ ಅವರು ಒಂದು ಹೆಸರು ಕೊಟ್ಟಿದ್ದರು. ಕುಡುಕನಿಗೆ ಊರಿನಲ್ಲಿ ಒಂದು ಜಾಗವಿದೆ. ಅವನನ್ನು ಬೈಯುತ್ತಾರೆ, ನಗುತ್ತಾರೆ, ಹೊತ್ತುಕೊಂಡು ಹೋಗಿ ಮನೆಯಲ್ಲಿ ಮಲಗಿಸುತ್ತಾರೆ. ಬಸ್‌ಸ್ಟ್ಯಾಂಡಿಗೆ ಹೆದರುವ ಕಂಡಕ್ಟರಿಗೆ ಎಲ್ಲಿಯೂ ಜಾಗವಿಲ್ಲ.

ಎದೆಯ ಪರೀಕ್ಷೆ ಮಾಡಿಸಿದ, ಗ್ಯಾಸ್ ಎಂದರು. ಮತ್ತೆ ಎರಡು ವಾರ ಬಸ್ಸು ಹತ್ತಿದ, ಆದರೆ ಈಗ ಕೊಪ್ಪ ಬರುವುದಕ್ಕೆ ಮೊದಲೇ, ಹರಿಹರಪುರದಲ್ಲೇ ಅಂಗೈ ಒದ್ದೆಯಾಗುತ್ತಿತ್ತು. ಬಸ್ಸು ಬಿಟ್ಟ. ಬಿಟ್ಟಮೇಲೆ ಶೃಂಗೇರಿಯ ಬಸ್‌ಸ್ಟ್ಯಾಂಡು ಹೋಯಿತು, ಆಮೇಲೆ ದೊಡ್ಡ ಬೀದಿ, ಆಮೇಲೆ ಹಾಲಿನ ಅಂಗಡಿ, ಆಮೇಲೆ ಓಣಿಯ ತಿರುವಿನ ನಲ್ಲಿ. ಯಾರೋ ಒಂದೊಂದೇ ದೀಪ ಆರಿಸುತ್ತಾ ಹತ್ತಿರ ಬರುತ್ತಿದ್ದ ಹಾಗಿತ್ತು. ಒಂದನ್ನು ಬಿಟ್ಟುಕೊಟ್ಟ ದಿನ ನೆಮ್ಮದಿ, ಮರುದಿನ ಅದರ ಪಕ್ಕದ್ದು. ಕೊನೆಗೆ ಉಳಿದದ್ದು ಎರಡು ಕೋಣೆ, ಬಚ್ಚಲು. ಕಳೆದ ದೀಪಾವಳಿಯ ಹಿಂದಿನ ದಿನ ಮಧ್ಯಾಹ್ನ ಅನಿತಾ ಅವನ ಎದುರು ಕೂತು, ಇಷ್ಟು ಹತ್ತಿರ ಕೂತು, "ನಿಜ ಹೇಳಿ, ನಿಮಗೆ ಎಂತ ಆಗಿದೆ? ಕುಡಿತ ಅಲ್ಲ ಅಂತ ನಂಗೆ ಒಂದೊಂದು ಸಲ ಅನ್ನಿಸ್ತದೆ" ಎಂದಿದ್ದಳು. ಆ ಕಣ್ಣುಗಳ ಮುಂದೆ ಅವನಿಗೆ ಬಸ್‌ಸ್ಟ್ಯಾಂಡಿನಷ್ಟೇ ಹೆದರಿಕೆಯಾಗಿತ್ತು. ಸಂಜೆ ನೋಡಲು ಬಂದ ಪರಮೇಶ್ವರ ಬಚ್ಚಲಿನ ಕಿಟಕಿಯಲ್ಲಿ ತನ್ನ ಬಾಟಲಿ ಮರೆತು ಹೋಗಿದ್ದ, ಅದರಲ್ಲಿ ಇನ್ನೂ ಅರ್ಧ ಇತ್ತು. ಅನಿತಾಳ ಚಪ್ಪಲಿಯ ಸದ್ದು ಓಣಿಯಲ್ಲಿ ಕೇಳಿದೊಡನೆ ಸುಬ್ರಾಯ ಅದನ್ನು ಅಂಗಿಯ ಎದೆಗೆ ಸುರಿದುಕೊಂಡು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಅವಳು ಬಂದು, ನಿಂತು, ಒಳಗೆ ಹೋದಳು. ಆಮೇಲೆ ಅವಳು ಆ ಪ್ರಶ್ನೆ ಕೇಳಲಿಲ್ಲ. ಆದರೆ ಮರುದಿನ ಬಸ್‌ಸ್ಟ್ಯಾಂಡಿಗೆ ಹೋಗಿ, ಹತ್ತು ಜನರ ಎದುರು, ನನ್ನ ಗಂಡನಿಗೆ ಕುಡಿಸಿ ನನ್ನ ಸಂಸಾರ ಹಾಳು ಮಾಡಿದವ ನೀನು ಎಂದು ಪರಮೇಶ್ವರನಿಗೆ ಬೈದು ಬಂದಿದ್ದಳು. ಪರಮೇಶ್ವರ ಸ್ಟೇರಿಂಗ್ ಮೇಲೆ ಕೈಯಿಟ್ಟು ಕೇಳಿಸಿಕೊಂಡನಂತೆ, ತುಟಿ ಬಿಚ್ಚಲಿಲ್ಲವಂತೆ. ಇದನ್ನು ಸುಬ್ರಾಯನಿಗೆ ಹೇಳಿದವಳು ಮಗಳು ಗಗನಾ.

ಇವತ್ತು ಹೊರಡಲು ಒಪ್ಪಿದ್ದೂ ಗಗನಾಳಿಂದ. ಹತ್ತನೇ ಕ್ಲಾಸಿನ ಹುಡುಗಿ ಹೋದ ವಾರ ಫೋನಿನಲ್ಲಿ ಯಾರೊಂದಿಗೋ, "ಅಪ್ಪ ಊರಲ್ಲಿಲ್ಲ, ಮಂಗಳೂರಲ್ಲಿದಾರೆ" ಅನ್ನುತ್ತಿದ್ದಳು. ಅವನು ಅವಳಿಂದ ಎರಡು ಮಾರು ದೂರದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಕೂತಿದ್ದ. ಅವಳು ಕದ್ದು ಹೇಳುತ್ತಿರಲಿಲ್ಲ, ಅವನ ಕಡೆ ನೋಡಿಯೇ ಹೇಳುತ್ತಿದ್ದಳು. ಅವನು ಅಲ್ಲಿ ಇದ್ದಾನೆಂಬುದು ಅವಳಿಗೆ ಮುಖ್ಯವೆನಿಸಿರಲಿಲ್ಲ, ಅಷ್ಟೇ. ಸುಳ್ಳು ಅನ್ನಿಸದೆ, ಅವಳು ಹೇಳುತ್ತಿರುವುದು ಸರಿ ಎಂದೇ ಅವನಿಗನ್ನಿಸಿದ್ದು ಅವನನ್ನು ಹೆಚ್ಚು ಅಲ್ಲಾಡಿಸಿತು.

ಹನ್ನೊಂದು ಹೆಜ್ಜೆಯಲ್ಲಿ ಆರನ್ನು ಅವನು ನಡೆದ, ಉಳಿದದ್ದು ಹೇಗೆ ಮುಗಿಯಿತೋ ತಿಳಿಯಲಿಲ್ಲ. ಅನಿತಾಳ ಸೆರಗು ಕೈಯಲ್ಲಿತ್ತು. ಗಾಡಿಯ ಹಿಂದಿನ ಸೀಟಿನಲ್ಲಿ ಅವನು ಟವೆಲನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಕುಗ್ಗಿ ಕೂತ. ಮುಂದೆ ಪರಮೇಶ್ವರ, ಅವನ ಪಕ್ಕದ ಸೀಟು ಖಾಲಿ. ಅನಿತಾ ಅಲ್ಲಿ ಕೂರಲಿಲ್ಲ, ಇಂದಿಗೂ ಅವನೊಂದಿಗೆ ಅವಳು ಮಾತಾಡುತ್ತಿರಲಿಲ್ಲ. ಆಸ್ಪತ್ರೆಗೆ ಹೊರಟ ಸುದ್ದಿ ಕೇಳಿ ಅವನೇ ತಮ್ಮನ ಓಮ್ನಿ ತಂದು ನಿಲ್ಲಿಸಿದ್ದ. "ಎಂತ ಮಾರಾಯ, ಸರಿ ಕೂತಿದೀಯಾ?" ಎಂದ. ಟವೆಲಿನ ಕತ್ತಲೆಯಲ್ಲಿ ಸುಬ್ರಾಯನಿಗೆ ಒಂದು ಆಶ್ಚರ್ಯ ಕಾದಿತ್ತು. ಕಣ್ಣು ಮುಚ್ಚಿದ್ದರೂ ಮೈಗೆ ದಾರಿ ಗೊತ್ತಿತ್ತು. ಇದು ಎರಡನೇ ಇಳಿಜಾರು, ಇಲ್ಲಿ ಗೇರು ಬದಲಾಗುತ್ತದೆ, ಬದಲಾಯಿತು. ಈಗ ಎಡಕ್ಕೆ ಹೊಳೆ ಹತ್ತಿರ ಬರುತ್ತದೆ, ಗಾಳಿ ತಣ್ಣಗಾಯಿತು. ಹತ್ತೊಂಬತ್ತು ವರ್ಷ ಟಿಕೆಟ್ ಹರಿಯುತ್ತಾ ಅವನು ಈ ದಾರಿಯನ್ನು ಒಂದು ದಿನವೂ ನೋಡಿರಲಿಲ್ಲ. ಅವನಿಗೆ ತಿಳಿಯದಂತೆ ಅದು ಅವನ ಸೊಂಟದೊಳಗೆ, ಮಂಡಿಯೊಳಗೆ ಹೋಗಿ ಕೂತಿತ್ತು. ಹೆದರಿಕೆಯೂ ಹೀಗೆಯೇ ಯಾವಾಗಲೋ ಒಳಗೆ ಹೋಗಿ ಕೂತದ್ದಿರಬಹುದೇ ಎಂದುಕೊಂಡ. ಎದೆ ಹೊಡೆದುಕೊಳ್ಳುತ್ತಲೇ ಇತ್ತು, ಆದರೂ ಒಂದು ಕ್ಷಣ ಅವನು ಅದರ ಪಕ್ಕದಲ್ಲಿ ಕೂತು ನೋಡಿದ ಹಾಗಾಯಿತು.

ಆಸ್ಪತ್ರೆಯ ಆ ಕೋಣೆ ಚಿಕ್ಕದಾಗಿತ್ತು, ಅದು ಪುಣ್ಯ. ಡಾಕ್ಟರು ಅವನು ನಿರೀಕ್ಷಿಸಿದ ಕನ್ನಡಕದ ಗಂಡಸಲ್ಲ, ಮೂವತ್ತರ ಆಸುಪಾಸಿನ ಹೆಂಗಸು, ಮೇಜಿನ ಮೇಲೆ ಶ್ರೀರಕ್ಷಾ ಎಂಬ ಹೆಸರಿನ ಫಲಕ. ನೆಗಡಿಯಾಗಿತ್ತು, ಮಾತಿನ ಮಧ್ಯೆ ಮೂಗು ಒರೆಸಿಕೊಳ್ಳುತ್ತಿದ್ದಳು. ಕೈ ಚಾಚಲು ಹೇಳಿ ಬೆರಳು ನೋಡಿದಳು, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದಳು, ಹೊಟ್ಟೆಯ ಬಲಗಡೆ ಒತ್ತಿದಳು.

"ದಿನಕ್ಕೆ ಎಷ್ಟು ಕುಡೀತೀರಿ?"

"ಒಂದು... ಎರಡು ಬಾಟ್ಲಿ."

"ಯಾವುದು?"

ಸುಬ್ರಾಯ ಯೋಚಿಸಿದ. ಬಸ್ಸಿನ ಸೀಟಿನಡಿಯಲ್ಲಿ ಉರುಳಾಡುತ್ತಿದ್ದ ಖಾಲಿ ಬಾಟಲಿಗಳ ಬಣ್ಣ ನೆನಪಾಯಿತು, ಹೆಸರು ಆಗಲಿಲ್ಲ. "ಕೆಂಪಗೆ ಇರ್ತದಲ್ಲ, ಅದು."

"ಒಂದು ಕ್ವಾರ್ಟರಿಗೆ ಎಷ್ಟು ನೀರು ಹಾಕ್ತೀರಿ?"

"ಅದಕ್ಕೆ ನೀರು ಹಾಕ್ತಾರಾ?" ಎಂಬ ಪ್ರಶ್ನೆ ಅವನ ಬಾಯಿಂದ ಜಾರಿಹೋಯಿತು. ಡಾಕ್ಟರು ಪೆನ್ನು ಕೆಳಗಿಟ್ಟು ಅನಿತಾಳ ಕಡೆ ತಿರುಗಿದಳು.

"ಇವರು ಮನೆಯಿಂದ ಹೊರಗೆ ಹೋಗಿ ಎಷ್ಟು ದಿನ ಆಯ್ತು?"

"ಹೋಗೋದೇ ಇಲ್ಲ ಡಾಕ್ಟ್ರೇ. ಒಂದೂವರೆ ವರ್ಷ ಆಯ್ತು. ಕುಡಿದು ಕುಡಿದು ಕಾಲಲ್ಲಿ ಶಕ್ತಿ ಇಲ್ಲ."

"ಹೊರಗೆ ಹೋಗೋದಿಲ್ಲ ಅಂದ್ರೆ ಕುಡಿಯೋಕೆ ಎಲ್ಲಿಂದ ಬರ್ತದೆ?"

ಈ ಪ್ರಶ್ನೆ ಅನಿತಾಳಿಗೆ ಬಂದಿರಲಿಲ್ಲವೆಂದಲ್ಲ; ಬಂದಾಗಲೆಲ್ಲ ಅದಕ್ಕೊಂದು ಉತ್ತರ ಕೊಟ್ಟುಕೊಂಡು ಮಲಗಿದ್ದಳು. "ಪರಮೇಶ್ವರಣ್ಣ ತಂದು ಕೊಡ್ತಾರೆ ಅಂದ್ಕಂಡಿದ್ದೆ," ಎಂದಳು. ಆಮೇಲೆ ತನಗೇ ಹೇಳಿಕೊಳ್ಳುವಂತೆ, "ಬಾಯಿ ಮೂಸಿ ನೋಡ್ತಿದ್ದೆ. ವಾಸನೆ ಇರ್ತಿರ್ಲಿಲ್ಲ. ಲವಂಗ ತಿಂತಾರೇನೋ ಅಂತ..."

"ಸುಬ್ರಾಯ ಅವರೇ," ಎಂದಳು ಡಾಕ್ಟರು, ದನಿ ಏರಿಸದೆ. "ನೀವು ಯಾವತ್ತೂ ಕುಡಿದೇ ಇಲ್ಲ, ಅಲ್ವಾ?"

ಅವನಿಗೆ ಮೊದಲು ಬಂದದ್ದು ನಾಚಿಕೆ, ಸಿಕ್ಕಿಬಿದ್ದ ಕಳ್ಳನ ನಾಚಿಕೆ. ಅದರ ಹಿಂದೆಯೇ ಇನ್ನೇನೋ ಬಂತು. ಅತ್ತುಬಿಟ್ಟ. ಅಳುತ್ತಾ ಹೇಳಿದ, ಸೋಮವಾರ, ಮುದುಕಿ, ಸರಿದುಹೋದ ನೆಲ, ಗೋಡೆ, ನಗು, ನಲ್ಲಿ, ಹೊಸ್ತಿಲು, ಅಂಗಿಗೆ ಸುರಿದುಕೊಂಡದ್ದು. ಯಾವುದು ಮೊದಲು ಯಾವುದು ಆಮೇಲೆ ಎಂಬುದೆಲ್ಲ ಕಲಸಿಹೋಯಿತು. ಡಾಕ್ಟರು ತಡೆಯಲಿಲ್ಲ. ಅನಿತಾ ಅವನ ಕಡೆ ನೋಡಲಿಲ್ಲ, ಮಡಿಲಲ್ಲಿದ್ದ ಚೀಲದೊಳಗಿನ ಅಂಗಿಯನ್ನು ಹೊರಗಿನಿಂದಲೇ ಮುದ್ದೆ ಮಾಡುತ್ತಿದ್ದಳು.

"ಇದಕ್ಕೆ ಹೆಸರಿದೆ," ಎಂದಳು ಡಾಕ್ಟರು. "ಅಗೋರಾಫೋಬಿಯಾ ಅಂತಾರೆ, ಬಯಲು, ಜನ ಸೇರೋ ಜಾಗ ಅಂದ್ರೆ ಹೆದರಿಕೆ. ಹುಚ್ಚಲ್ಲ, ಹೇಡಿತನ ಅಲ್ಲ. ಹೃದಯಕ್ಕೂ ಏನೂ ಆಗಿಲ್ಲ, ಆದ್ರೂ ಒಂದು ಸಲ ಥೈರಾಯ್ಡ್ ನೋಡಿಬಿಡೋಣ." ಅವಳು ಹೇಳಿದ್ದನ್ನು ಅವನು ಪೂರ್ತಿ ಹಿಡಿಯಲಿಲ್ಲ, ಹಿಡಿದಷ್ಟು ಹೀಗಿತ್ತು: ಅಪಾಯ ಬಂದಾಗ ಓಡು ಎಂದು ಕೂಗುವ ಒಂದು ಏರ್ಪಾಡು ಎಲ್ಲರ ಮೈಯಲ್ಲೂ ಇದೆ, ಅವನಲ್ಲಿ ಅದು ಅವತ್ತು ಅಪಾಯವಿಲ್ಲದೆಯೇ ಕೂಗಿತು. ಅವನು ಓಡಿದ. ಓಡಿದ್ದರಿಂದಲೇ ಉಳಿದೆ ಎಂದು ಮೈ ನಂಬಿಕೊಂಡಿತು. ಆಮೇಲೆ ಅವನು ಹೆದರಿದ್ದು ಬಸ್‌ಸ್ಟ್ಯಾಂಡಿಗಲ್ಲ, ಆ ಹೆದರಿಕೆ ಮತ್ತೆ ಬಂದೀತು, ಬಂದಾಗ ಓಡಲು ದಾರಿ ಇರಲಿಕ್ಕಿಲ್ಲ ಎಂಬುದಕ್ಕೆ. ಬಿಟ್ಟುಕೊಟ್ಟ ಒಂದೊಂದು ಜಾಗವೂ ಆ ನಂಬಿಕೆಯನ್ನು ಗಟ್ಟಿ ಮಾಡಿತು.

"ನನ್ನ ಹಾಗೆ ಬೇರೆ ಯಾರಾದ್ರೂ..." ಎಂದ ಸುಬ್ರಾಯ.

"ತುಂಬ ಜನ. ಅವರು ಹೊರಗೆ ಬರೋದಿಲ್ಲ, ಅದಕ್ಕೇ ನಿಮಗೆ ಕಾಣಿಸೋದಿಲ್ಲ." ಮೂಗು ಒರೆಸಿಕೊಂಡಳು. "ಮಂಡಿ ನೋವು ಅಂತಾರೆ, ತಲೆಸುತ್ತು ಅಂತಾರೆ, ಮನೆ ಬಿಟ್ಟು ಬರೋಕಾಗಲ್ಲ ಕೆಲಸ ಇದೆ ಅಂತಾರೆ. ನೀವು ಕುಡಿತ ಅಂದ್ರಿ. ಅದನ್ನ ಇವತ್ತೇ ಕೇಳಿದ್ದು ನಾನು."

ಆ ಮಾತು ಅವನನ್ನು ಬೆರಗಿನಲ್ಲಿ ನಿಲ್ಲಿಸಿತು. ಹತ್ತೊಂಬತ್ತು ವರ್ಷ ತಾನು ಹಾದುಹೋದ ದಾರಿಯ ಎರಡು ಬದಿಯ ಮನೆಗಳು, ಗೇಟುಗಳು, ಅರ್ಧ ತೆರೆದ ಕಿಟಕಿಗಳು ಕಣ್ಣ ಮುಂದೆ ಬಂದವು. ದಾರಿಯಲ್ಲಿ ಸಿಗುವ ನಾರ್ವೆ ಎಂಬ ಹಳ್ಳಿಯ ಕಡೆಯ ಒಂದು ಮನೆಯಿಂದ ಪ್ರತಿ ದಿನ ಬಸ್ಸಿಗೆ ಕೈಬೀಸುತ್ತಿದ್ದ, ಆದರೆ ಒಂದು ದಿನವೂ ಬಸ್ಸು ಹತ್ತದಿದ್ದ ಹೆಂಗಸೊಬ್ಬಳು ನೆನಪಾದಳು. ಅವಳಿಗೆ ಬೇರೆ ಕಾರಣವಿದ್ದಿರಬಹುದು. ಆದರೂ ಯಾವ ಬಾಗಿಲ ಹಿಂದೆ ಯಾರು ಕೂತು ಹೊಸ್ತಿಲಿನಿಂದಾಚೆಯ ನೆಲವನ್ನು ಕಣ್ಣಲ್ಲಿ ಅಳೆಯುತ್ತಿದ್ದಾರೋ, ಅವರ ಎದುರಿಗೇ ತಾನು ಇಷ್ಟು ವರ್ಷ ಹೋಗಾಣ ರೈಟ್ ಎಂದು ಕೂಗುತ್ತಾ ಹೋಗಿದ್ದೆನಲ್ಲ ಎನ್ನಿಸಿತು. ಎರಡು ವರ್ಷ ಲೋಕದಲ್ಲಿ ತಾನೊಬ್ಬನೇ ಎಂದುಕೊಂಡಿದ್ದವನಿಗೆ ಆ ಚಿಕ್ಕ ಕೋಣೆ ಒಮ್ಮೆಲೇ ಜನರಿಂದ ತುಂಬಿದಂತಾಯಿತು. ಆಶ್ಚರ್ಯವೆಂದರೆ ಉಸಿರು ಕಟ್ಟಲಿಲ್ಲ.

ದಿನಕ್ಕೊಂದು ಮಾತ್ರೆ, ಮೂರ್ನಾಲ್ಕು ವಾರವಾದ ಮೇಲೆ ಅದರ ಗುಣ ಕಾಣುತ್ತದೆ, ನಡುವೆ ನಿಲ್ಲಿಸಬಾರದು ಎಂದಳು. ಮಾತ್ರೆ ಅರ್ಧ ಕೆಲಸ, ಉಳಿದರ್ಧ ಅವನೇ ಮಾಡಬೇಕು. ಹೆದರಿಕೆ ಕಡಿಮೆ ಇರುವ ಜಾಗದಿಂದ ಹೆಚ್ಚಿರುವ ಜಾಗದವರೆಗೆ ಒಂದು ಪಟ್ಟಿ ಹೇಳಿ ಎಂದಳು. ಸುಬ್ರಾಯ ಹೇಳತೊಡಗಿದ: ಹೊಸ್ತಿಲು, ಜಗಲಿ, ನಲ್ಲಿ, ಹಾಲಿನಂಗಡಿ, ದೊಡ್ಡ ಬೀದಿ, ಶೃಂಗೇರಿ ಬಸ್‌ಸ್ಟ್ಯಾಂಡು, ಬಸ್ಸಿನ ಒಳಗೆ, ಕೊಪ್ಪ. ಹೇಳುತ್ತಾ ಹೇಳುತ್ತಾ ಅವನ ದನಿಗೆ ತಾನಾಗಿ ಹಳೆಯ ಲಯ ಬಂತು. ಡಾಕ್ಟರು ಬರೆದುಕೊಂಡಳು. "ಒಂದೊಂದು ಕಡೆ ಹೋಗಿ ನಿಲ್ಲಬೇಕು. ಹೆದರಿಕೆ ಬರ್ತದೆ, ಬರಲಿ. ಏರ್ತದೆ. ಏರಿದ್ದು ತಾನಾಗೇ ಇಳಿಯೋವರೆಗೆ ಅಲ್ಲಿಂದ ಓಡಬಾರದು. ಇಳಿಯೋದನ್ನ ನೀವು ಯಾವತ್ತೂ ನೋಡಿಲ್ಲ, ಅಷ್ಟರೊಳಗೆ ಓಡಿದೀರಿ."

ಹಿಂದಿರುಗುವಾಗ ಅನಿತಾ ಅವನ ಪಕ್ಕದಲ್ಲಿ ಕೂರಲಿಲ್ಲ. ಮುಂದಿನ ಬಾಗಿಲು ತೆರೆದು ಪರಮೇಶ್ವರನ ಪಕ್ಕದ ಸೀಟಿನಲ್ಲಿ ಕೂತಳು. ಹರಿಹರಪುರ ದಾಟಿದ ಮೇಲೆ ಎದುರಿನ ಗಾಜನ್ನೇ ನೋಡುತ್ತಾ ಅಂದಳು: "ಪರಮೇಶ್ವರಣ್ಣ, ಇವರು ಕುಡೀತಿರ್ಲಿಲ್ಲ ಅಂತೆ."

ಪರಮೇಶ್ವರ ಒಂದು ತಿರುವು ಮುಗಿಸಿದ. "ಗೊತ್ತಿತ್ತು ಮಾರಾಯ್ತಿ," ಎಂದ. "ನಾನು ಕುಡಿಯೋನು. ಕುಡಿಯೋನಿಗೆ ಕುಡಿಯದೇ ಇದ್ದವ ಗೊತ್ತಾಗಲ್ವಾ?"

"ಮತ್ತೆ ನಾನು ಅಷ್ಟು ಜನರ ಎದುರು ಬೈದಾಗ ಎಂತಕ್ಕೆ ಹೇಳ್ಲಿಲ್ಲ ನೀವು?"

"ಎಂತ ಹೇಳದು? ಅವ ಏನನ್ನೋ ಮುಚ್ಚಿಡ್ತಾ ಇದಾನೆ ಅಂತ ಗೊತ್ತಿತ್ತು. ಎಂತ ಅಂತ ಗೊತ್ತಿರ್ಲಿಲ್ಲ. ಗೊತ್ತಿಲ್ಲದ್ದನ್ನ ಬಿಚ್ಚಿ ಹಾಕಿದ್ರೆ ಅವ ಎಂತ ಮಾಡ್ಕತಾನೋ ಅಂತ ಹೆದರಿಕೆ ಆಯ್ತು. ಬೈಸ್ಕಂಡ್ರೆ ನಂಗೇನು ಸವೀತದಾ?"

ಟವೆಲಿನೊಳಗೆ ಸುಬ್ರಾಯ ಇದನ್ನು ಕೇಳಿದ. ತಾನು ಸುಳ್ಳಿನಿಂದ ಒಂದು ಗೋಡೆ ಕಟ್ಟಿಕೊಂಡು ಒಳಗೆ ಒಬ್ಬನೇ ಕೂತಿದ್ದೇನೆ ಎಂದುಕೊಂಡಿದ್ದ. ಹೊರಗೆ ಒಬ್ಬ ಮನುಷ್ಯ ಆ ಗೋಡೆ ಬೀಳದಂತೆ ಬೆನ್ನು ಕೊಟ್ಟು ನಿಂತಿದ್ದ. ಪರಮೇಶ್ವರನ ಕತ್ತಿನ ಹಿಂಭಾಗ, ಬಿಸಿಲಿಗೆ ಸುಟ್ಟು ಗೆರೆ ಬಿದ್ದ ಆ ಕತ್ತು, ಟವೆಲಿನ ಸಂದಿಯಿಂದ ಕಾಣುತ್ತಿತ್ತು. ಇಷ್ಟು ವರ್ಷ ಪ್ರತಿ ದಿನ ಅದೇ ಕತ್ತಿನ ಹಿಂದೆ ನಿಂತವನಿಗೆ ಅದು ಅವತ್ತು ಮೊದಲ ಬಾರಿಗೆ ಕಂಡಿತು. ಏನಾದರೂ ಹೇಳಬೇಕಿತ್ತು. "ಬಾಟ್ಲಿ ಅರ್ಧ ಚೆಲ್ಲಿದೆ ಮಾರಾಯ, ನಿಂದು," ಎಂದ. ಪರಮೇಶ್ವರ ನಕ್ಕ. ಅನಿತಾ ನಗಲಿಲ್ಲ. ಮನೆಗೆ ಬಂದ ನಾಲ್ಕನೆಯ ದಿನ ಚಪಾತಿ ಲಟ್ಟಿಸುತ್ತಾ, ತಿರುಗಿ ನೋಡದೆ ಅಂದಳು: "ಕುಡುಕನ ಹೆಂಡತಿ ಅಂತ ನಂಗೆ ಎಲ್ಲರೂ ಪಾಪ ಅಂದ್ರು. ಆ ಪಾಪ ಎಲ್ಲ ತಗಂಡು ನಾನೀಗ ಎಲ್ಲಿಗೆ ಹೋಗ್ಲಿ? ನಂಗೆ ಹೇಳ್ಬಹುದಿತ್ತು ನೀವು. ನಾ ನಗ್ತಿದ್ನಾ?" ನಗುತ್ತಾಳೆಂದು ಅವನು ಹೆದರಿರಲಿಲ್ಲ, ನಗದೆ ಇರುತ್ತಾಳೆಂದು ಹೆದರಿದ್ದ. ಅವಳ ಪಕ್ಕ ಕೂತು ಹಿಟ್ಟಿನ ಉಂಡೆ ಕಟ್ಟತೊಡಗಿದ.

ಆಮೇಲಿನ ವಾರಗಳು ಊರಿನ ಕಣ್ಣಿಗೆ ಏನೂ ಅಲ್ಲ. ಒಬ್ಬ ಗಂಡಸು ತನ್ನ ಮನೆಯ ಜಗಲಿಯಲ್ಲಿ ಇಪ್ಪತ್ತು ನಿಮಿಷ ನಿಂತ. ಆರು ದಿನವಾದ ಮೇಲೆ ನಲ್ಲಿಯ ಹತ್ತಿರ ನಿಂತ. ಮೊದಲ ವಾರ ಮಾತ್ರೆಯಿಂದ ಹೊಟ್ಟೆ ತೊಳಸಿತು, ನಿದ್ದೆ ಕೆಟ್ಟಿತು. ವಾರಕ್ಕೊಮ್ಮೆ ಆಸ್ಪತ್ರೆಯಿಂದ ಫೋನು ಮಾಡುತ್ತಿದ್ದ ಆಪ್ತಸಮಾಲೋಚಕ, ಇದು ಸಹಜ ಎಂದು ಹೇಳಿ ಮುಂದುವರಿಸಲು ಒಪ್ಪಿಸಿದ. ಹಾಲಿನಂಗಡಿಯಿಂದ ಒಮ್ಮೆ ಹಾಲು ಅಲ್ಲಿಯೇ ಬಿಟ್ಟು ಓಡಿ ಬಂದ. ಅಂಗಡಿಯವನು ಹಿಂದಿನಿಂದ ಏನೋ ಅಂದದ್ದು ಕೇಳಿಸಿತು. ಮರುದಿನ ಹೋಗುವುದಿಲ್ಲವೆಂದ. ಗಗನಾ ಪುಸ್ತಕ ಮಡಚಿಟ್ಟು, "ಬನ್ನಿ ಅಪ್ಪ, ನಾನೂ ಬರ್ತೀನಿ, ನಂಗೂ ಪೆನ್ನು ಬೇಕು" ಎಂದು ಚಪ್ಪಲಿ ಹಾಕಿಕೊಂಡಳು. ದಾರಿಯಲ್ಲಿ ಅವಳ ಗೆಳತಿ ಸಿಕ್ಕಳು. "ನಮ್ಮಪ್ಪ," ಎಂದಳು ಗಗನಾ, ಮಂಗಳೂರಿನ ಮಾತೆತ್ತದೆ. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಅವನು ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಒಂದು ಗಂಟೆ ನಿಲ್ಲುತ್ತಿದ್ದ. ಬಸ್ಸಿನ ಮಾಲೀಕ ಗಜಾನನಯ್ಯ, "ನಿಂತೇ ಇರ್ತೀಯಲ್ಲ, ಜನ ಹತ್ತಿಸಿ ಕೊಡು" ಎಂದಿದ್ದರು. ಕೊಪ್ಪ ಮಾತ್ರ ಪೂರ್ತಿ ಬಗ್ಗಲಿಲ್ಲ. ಮೊದಲ ಸಲ ಬಸ್ಸಿನಿಂದ ಇಳಿಯಲಾಗಲಿಲ್ಲ, ಎರಡನೇ ಸಲ ಇಳಿದು ಚಕ್ರ ಹಿಡಿದು ನಿಂತ.

ಮೇ ತಿಂಗಳ ಒಂದು ಭಾನುವಾರ ಎನ್.ಆರ್.ಪುರದಲ್ಲಿ ಪರಮೇಶ್ವರನ ತಂಗಿಯ ಹೊಸ ಮನೆಯ ಗೃಹಪ್ರವೇಶ. ಎಲ್ಲರೂ ಓಮ್ನಿಯಲ್ಲೇ ಹೊರಟರು. ಸುಬ್ರಾಯನ ತಲೆಯ ಮೇಲೆ ಟವೆಲಿರಲಿಲ್ಲ. ಊಟ ಮುಗಿಸಿ ಹೊರಟಾಗ ಭದ್ರೆಯ ಹಿನ್ನೀರಿನ ಕಡೆ ಸುತ್ತಿ ಬರೋಣವೆಂದು ಗಗನಾ ಹಟ ಹಿಡಿದಳು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಿತ್ತು. ಸರಿದ ಜಾಗದಲ್ಲಿ ಕಣ್ಣು ಹೋದಷ್ಟೂ ಬಯಲು, ಬಿರುಕು ಬಿಟ್ಟ ಕೆಸರಿನ ಮೇಲೆ ಹೊಸ ಹುಲ್ಲು, ಅಲ್ಲಲ್ಲಿ ನೀರಲ್ಲಿ ನೆನೆದು ಕರ್ರಗಾದ ಮರದ ಬುಡಗಳು, ತುಂಬ ದೂರದಲ್ಲಿ ಒಂದು ಗೆರೆಯ ಹಾಗೆ ನೀರು, ಅದರಾಚೆ ಬೆಟ್ಟ. ನೆರಳು ಎಂಬುದು ಎಲ್ಲೂ ಇರಲಿಲ್ಲ. ಹಿಡಿದುಕೊಳ್ಳಲು ಏನೂ ಇರಲಿಲ್ಲ.

"ನೀವೆಲ್ಲ ಇಲ್ಲೇ ಇರಿ," ಎಂದ ಸುಬ್ರಾಯ. ಯಾಕೆ ಹಾಗಂದೆನೆಂದು ಅವನಿಗೇ ತಿಳಿಯಲಿಲ್ಲ. ಇದು ಡಾಕ್ಟರ ಪಟ್ಟಿಯಲ್ಲಿ ಇರಲಿಲ್ಲ. ಅನಿತಾ ಏನೋ ಹೇಳಹೊರಟು ನಿಲ್ಲಿಸಿದಳು. ಅವನು ಚಪ್ಪಲಿ ಬಿಟ್ಟು ಬಯಲಿಗೆ ಇಳಿದ.

ನೂರು ಹೆಜ್ಜೆಯವರೆಗೆ ಬೆನ್ನಿನ ಹಿಂದೆ ಗಗನಾಳ ಮಾತು ಕೇಳುತ್ತಿತ್ತು. ಆಮೇಲೆ ಗಾಳಿ ಮಾತ್ರ. ಆಗ ಬಂತು. ಪಾದದಡಿಯ ನೆಲ ಸಡಿಲವಾಯಿತು, ಎದೆ ಜಾರಿ ಎದ್ದು ಓಡತೊಡಗಿತು, ಬೆರಳ ತುದಿಗಳು ಜುಮ್ಮೆಂದವು, ಆಕಾಶ ಮೇಲಕ್ಕೆ ಮೇಲಕ್ಕೆ ಹೋಗುತ್ತಾ ಅವನನ್ನೂ ಎಳೆದುಕೊಂಡು ಹೋಗುವಂತಾಯಿತು. ತಿರುಗಿ ನೋಡಿದ, ಓಮ್ನಿ ಬೆಂಕಿಪೊಟ್ಟಣದಷ್ಟಿತ್ತು. ಓಡಿದರೂ ಮುಟ್ಟಲಾಗದಷ್ಟು ದೂರ ಬಂದುಬಿಟ್ಟಿದ್ದ. ಕಾಲಿನ ನಡುವಿನ ಹುಲ್ಲನ್ನೇ ನೋಡುತ್ತಾ ನಿಂತ. ಹುಲ್ಲಿನೆಡೆಯಲ್ಲಿ ಒಂದು ಸಣ್ಣ ಬಸವನಹುಳದ ಚಿಪ್ಪು. ಎಷ್ಟು ಹೊತ್ತಾಯಿತೋ, ಎಮ್ಮೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಕೋಲು ಹಿಡಿದು ಹತ್ತಿರ ಬಂದಳು. ಐವತ್ತೈದು ದಾಟಿದ್ದಳು, ತಲೆಗೆ ಗಂಡಸರ ಟವೆಲು ಸುತ್ತಿದ್ದಳು.

"ಎಂತ ಕಳ್ಕಂಡ್ರಿ?" ಎಂದಳು.

ಕೀಲಿಕೈ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. "ಏನೂ ಇಲ್ಲ," ಎಂದ. ಆಮೇಲೆ, "ನಂಗೆ ಹೆದರಿಕೆ ಆಗ್ತಾ ಇದೆ. ಇಂಥ ಜಾಗದಲ್ಲಿ ಹೆದರಿಕೆ ಆಗ್ತದೆ ನಂಗೆ. ಕಾಯಿಲೆ ಅದು. ಒಂಚೂರು ಹೊತ್ತು ಇಲ್ಲಿ ನಿಂತಿರ್ತೀರಾ?"

ಹೆಂಗಸು ಅವನ ಮುಖ ನೋಡಿದಳು, ಸುತ್ತಲಿನ ಬಯಲನ್ನು ಒಮ್ಮೆ ನೋಡಿದಳು, ಇದರಲ್ಲಿ ಹೆದರುವಂಥದ್ದು ಏನಿದ್ದೀತೆಂದು ನಿಜವಾಗಿ ಹುಡುಕುವವಳಂತೆ. "ನಿಂತರಾಯ್ತಪ್ಪ," ಎಂದು ಕೋಲೂರಿ ನಿಂತಳು. ಮತ್ತೇನೂ ಕೇಳಲಿಲ್ಲ. ನಿಂತದ್ದಕ್ಕೆ ಮಾತು ಬೇಕಲ್ಲ ಎಂದು ಎಮ್ಮೆಯ ಸುದ್ದಿ ತೆಗೆದಳು: ಆ ಕೊಂಬು ಮುರಿದದ್ದು ಇದೆಯಲ್ಲ, ಅದು ಬಲು ಕಳ್ಳಿ, ಕರು ಸತ್ತರೂ ಹಾಲು ಬಿಡುತ್ತದೆ, ಆದರೆ ಸಣ್ಣಕ್ಕ ಎಂದು ಕೂಗದಿದ್ದರೆ ಕೊಟ್ಟಿಗೆಗೆ ಬರುವುದಿಲ್ಲ, ಸಣ್ಣಕ್ಕ ಅಂದರೆ ನಮ್ಮತ್ತೆಯ ಹೆಸರು, ನಾನೇ ಇಟ್ಟದ್ದು, ಅತ್ತೆ ಇದ್ದಾಗಲೇ. ಸುಬ್ರಾಯನಿಗೆ ನಗು ಬಂತು, ಎದೆ ಹೊಡೆದುಕೊಳ್ಳುತ್ತಿರುವಾ‍ಗಲೇ ಬಂತು. ಹೆದರಿಕೆ ಏರಿತು. ಇನ್ನೂ ಏರಿತು. ಏರಿದ ಮೇಲೆ ಅದಕ್ಕೆ ಹೋಗಲು ಜಾಗವಿರಲಿಲ್ಲವೋ ಏನೋ, ಅಲ್ಲಿಯೇ ನಿಂತಿತು. ಬಹಳ ಹೊತ್ತು ನಿಂತು, ಇಳಿಯಿತು. ಅವನೇನೂ ಮಾಡಲಿಲ್ಲ, ಅದೇ ಇಳಿಯಿತು. ಮೊದಲು ಬೆರಳಿಗೆ ಬಿಸಿ ಬಂತು, ಆಮೇಲೆ ಅಂಗಾಲಿಗೆ ಮಣ್ಣಿನ ತಂಪು ತಿಳಿಯಿತು, ಆಮೇಲೆ ಗಾಳಿಯಲ್ಲಿ ನೀರಿನ ವಾಸನೆ.

"ನಾ ಹೋಗ್ಲಾ?" ಎಂದಳು ಹೆಂಗಸು. "ಅದು ನೋಡಿ, ಆಚೆ ಹೋತು."

"ಹೋಗಿ ಅಮ್ಮ," ಎಂದ.

ಅವಳು ಹೋದಳು. ಟವೆಲು ಸುತ್ತಿದ ತಲೆ ಚಿಕ್ಕದಾಗುತ್ತಾ, ಅತ್ತೆಯ ಹೆಸರು ಕೂಗುತ್ತಾ ಹೋಗಿ ಎಮ್ಮೆಗಳ ನಡುವೆ ಸೇರಿಕೊಂಡಿತು. ಸುಬ್ರಾಯ ತಲೆಯೆತ್ತಿದ. ಆಕಾಶ ಎಷ್ಟು ದೊಡ್ಡದಿತ್ತೋ ಅಷ್ಟೇ ದೊಡ್ಡದಾಗಿತ್ತು, ಚಿಕ್ಕದಾಗಿರಲಿಲ್ಲ. ಅವನ ಮೇಲೆ ಬೀಳದೆ, ಅವನನ್ನು ಎಳೆದುಕೊಳ್ಳದೆ, ನೀರಿನ ಗೆರೆಯಾಚೆಯ ಬೆಟ್ಟದವರೆಗೆ ಸುಮ್ಮನೆ ಇತ್ತು. ಇಷ್ಟೊಂದು ಇದೆಯಲ್ಲ ಎಂದುಕೊಂಡ. ನೀರಿನ ಕಡೆಗೆ ಇನ್ನೂ ನಾಲ್ಕು ಹೆಜ್ಜೆ ನಡೆದು ನಿಂತು ನೋಡಿದ.